ಹವಳದ ದಿಬ್ಬದ ಬಣ್ಣದ ಹುಳುಗಳು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸೀ ಸ್ಲಗ್‌ಗಳ ಬಗ್ಗೆ ಕೇಳಿದವರೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಆರಕ್ಕೆ ಇಳಿಸಿದ್ದೇನೆ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ, ಉತ್ತರಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಈ ಪ್ರಾಣಿ ಏನು ತಿನ್ನುತ್ತದೆ?

ಪ್ರಶ್ನೆ: ಮೊಬೈಲ್‌ನಲ್ಲಿ ಒಂದು ವಿಡಿಯೊ ನೋಡಿದೆ. ನೀಲಿ ಮೈ, ಹಳದಿ ಅಂಚು, ತಲೆಯ ಮೇಲೆ ಎರಡು ಕೊಂಬು, ಬೆನ್ನಿನ ಹಿಂಭಾಗದಲ್ಲಿ ಹೂವಿನಂಥದ್ದೇನೋ ಅರಳಿಕೊಂಡಿತ್ತು. ಕೆಳಗೆ ‘ಸೀ ಸ್ಲಗ್’ ಎಂದು ಬರೆದಿದ್ದರು. ಇದು ಹುಳುವೋ, ಮೀನೋ? ಆ ಹೂವು ಏನು?

ಉತ್ತರ: ಎರಡೂ ಅಲ್ಲ. ಮಳೆ ಬಂದಾಗ ಗೋಡೆ ಹತ್ತುವ ಬಸವನಹುಳು ಗೊತ್ತಲ್ಲ, ಅದರ ನೆಂಟ ಇದು. ಚಿಪ್ಪು ಬಿಟ್ಟು ಕಡಲಲ್ಲಿ ಬದುಕುವ ಬಸವನಹುಳು ಎಂದುಕೊಳ್ಳಿ. ಹುಟ್ಟುವಾಗ ಇದಕ್ಕೂ ಚಿಪ್ಪು ಇರುತ್ತದೆ. ಮೊಟ್ಟೆಯಿಂದ ಬಂದ ಮರಿ ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು. ಗಾಜಿನಂಥ ಪುಟ್ಟ ಚಿಪ್ಪು ಹೊತ್ತು ನೀರಿನಲ್ಲಿ ತೇಲಿಕೊಂಡು ಹೋಗುತ್ತದೆ. ತಳಕ್ಕೆ ಇಳಿದು ದೊಡ್ಡದರ ರೂಪ ಪಡೆಯುವ ಹೊತ್ತಿಗೆ ಆ ಚಿಪ್ಪು ಕಳಚಿಹೋಗುತ್ತದೆ.

ನೀವು ನೋಡಿದ ಹೂವು ಅದರ ಕಿವಿರು. ಮೀನಿನ ಕಿವಿರು ಮುಚ್ಚಳದ ಒಳಗಿರುತ್ತದೆ. ಇದರದು ಹೊರಗೆ, ಬಯಲಲ್ಲಿ. ಅದಕ್ಕೇ ಈ ಗುಂಪಿಗೆ ನ್ಯೂಡಿಬ್ರಾಂಕ್ ಎಂಬ ಹೆಸರು, ಅಂದರೆ ಬೆತ್ತಲೆ ಕಿವಿರಿನವು. ನೀರು ಸ್ವಲ್ಪ ಅಲುಗಿದರೂ ಸಾಕು, ಇಡೀ ಹೂವನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆನ್ನ ಮೇಲೆ ಒಂದು ಗುಂಡಿ ಮಾತ್ರ ಉಳಿಯುತ್ತದೆ. ಸುಮ್ನೆ ಕಾದರೆ ಒಂದೊಂದೇ ಎಸಳು ಮತ್ತೆ ಹೊರಗೆ ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಆಗದ ದೃಶ್ಯ ಅದು.

ಕೊಂಬುಗಳಿಗೆ ರೈನೊಫೋರ್ ಎನ್ನುತ್ತಾರೆ. ಅವು ಅದರ ಮೂಗು. ಲೆನ್ಸ್ ಹಿಡಿದು ನೋಡಿದರೆ ಕೊಂಬಿನ ಸುತ್ತ ಪುಸ್ತಕದ ಹಾಳೆಗಳಂತೆ ತೆಳ್ಳಗಿನ ಪದರಗಳು ಕಾಣುತ್ತವೆ. ಪದರ ಜಾಸ್ತಿ ಆದಷ್ಟೂ ನೀರು ತಾಗುವ ಜಾಗ ಜಾಸ್ತಿ, ವಾಸನೆ ಹಿಡಿಯುವುದು ಸುಲಭ. ಊಟವನ್ನೂ ಸಂಗಾತಿಯನ್ನೂ ಇದು ಮೂಗಿನಿಂದಲೇ ಹುಡುಕುತ್ತದೆ. ಕಣ್ಣು ಇದೆ, ಆದರೆ ಚರ್ಮದ ಕೆಳಗೆ ಹುದುಗಿದ ಎರಡು ಚುಕ್ಕೆ ಅಷ್ಟೆ. ಬೆಳಕು ಯಾವ ಕಡೆ, ಕತ್ತಲೆ ಯಾವ ಕಡೆ ಎನ್ನುವುದು ಮಾತ್ರ ಅದಕ್ಕೆ ತಿಳಿಯುತ್ತದೆ. ನಾವು ಬಾಯಿ ಬಿಟ್ಟು ನೋಡುವ ಆ ನೀಲಿ ಹಳದಿಯನ್ನು ಅದು ಯಾವತ್ತೂ ಕಂಡಿಲ್ಲ.

ಹೂವು ಇರುವವು ಡೊರಿಡ್ ಗುಂಪಿನವು. ಇನ್ನೊಂದು ದೊಡ್ಡ ಗುಂಪು ಏಯೊಲಿಡ್. ಅವಕ್ಕೆ ಹೂವಿನ ಬದಲು ಬೆನ್ನ ತುಂಬ ಬೆರಳಿನಂಥ ಎಳೆಗಳಿರುತ್ತವೆ. ಈ ಎಳೆಗಳಿಗೆ ಸೆರಾಟ ಎಂದು ಹೆಸರು. ಮುಂದಿನ ಉತ್ತರದಲ್ಲಿ ಇದೇ ಮಾತು ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಹವಳದ ದಿಬ್ಬದಲ್ಲಿ ಎಲ್ಲ ಕಡೆ ಹಸಿದ ಮೀನುಗಳು. ಹಾಗಿರುವಾಗ ಚಿಪ್ಪೂ ಇಲ್ಲದ, ಓಡಲೂ ಆಗದ ಮೆತ್ತಗಿನ ಪ್ರಾಣಿ ಇಷ್ಟು ಢಾಳಾದ ಬಣ್ಣ ಹೊತ್ತು ಹೇಗೆ ಬದುಕುತ್ತದೆ? ಅಡಗಿಕೊಳ್ಳುವ ಬಣ್ಣ ಇರಬೇಕಿತ್ತಲ್ವಾ?

ಉತ್ತರ: ಅದು ಬದುಕಿರುವುದೇ ಊಟದ ದೆಸೆಯಿಂದ. ಕ್ರೊಮೊಡೊರಿಸ್ ಎಂಬ ಕುಲವನ್ನೇ ತೆಗೆದುಕೊಳ್ಳಿ. ಬೆರಳುದ್ದದ, ನೀಲಿ ಕಪ್ಪು ಪಟ್ಟೆಯ ಹುಳುಗಳು. ಇವು ತಿನ್ನುವುದು ಸ್ಪಂಜು. ಸ್ಪಂಜು ಕೂಡ ಓಡಲಾಗದ ಪ್ರಾಣಿ, ಅದಕ್ಕೇ ಮೈ ತುಂಬ ವಿಷ ಇಟ್ಟುಕೊಂಡಿರುತ್ತದೆ. ಹೆಚ್ಚಿನ ಮೀನುಗಳು ಅದರ ತಂಟೆಗೆ ಹೋಗುವುದಿಲ್ಲ. ನಮ್ಮ ಹುಳು ಹೋಗುತ್ತದೆ. ಅರದಂಥ ನಾಲಗೆಯಿಂದ ಸ್ಪಂಜನ್ನು ಕೆರೆದು ಕೆರೆದು ತಿನ್ನುತ್ತದೆ. ಅದರಲ್ಲಿರುವ ಲ್ಯಾಟ್ರಂಕ್ಯುಲಿನ್ ಎ ಎಂಬ ವಿಷವನ್ನು ಜೀರ್ಣ ಮಾಡದೆ ತೆಗೆದಿಟ್ಟುಕೊಳ್ಳುತ್ತದೆ. ಇದು ಸಣ್ಣಪುಟ್ಟ ವಿಷವಲ್ಲ. ಜೀವಕೋಶಕ್ಕೆ ಆಕಾರ ಕೊಡುವ, ಅದರ ಒಳಗಿನ ಆಕ್ಟಿನ್ ಎಳೆಗಳನ್ನೇ ಕಟ್ಟಲು ಬಿಡುವುದಿಲ್ಲ. ಜೀವಕೋಶಗಳ ಬಗ್ಗೆ ಸಂಶೋಧನೆ ಮಾಡುವ ಲ್ಯಾಬ್‌ಗಳಲ್ಲಿ ಇದನ್ನು ಬೇಕೆಂದೇ ಬಳಸುತ್ತಾರೆ.

ವಿಷವನ್ನು ಎಲ್ಲಿ ಇಡುತ್ತದೆ ಎನ್ನುವುದು ಇನ್ನೂ ಚೆಂದ. ಮೈಯ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಗಂಟುಗಳಿರುತ್ತವೆ. ವಿಷ ತುಂಬಿರುವುದು ಅವುಗಳಲ್ಲಿ. ಮೀನು ಮೊದಲು ಬಾಯಿ ಹಾಕುವುದು ಅಂಚಿಗೇ ಅಲ್ವಾ? ಒಂದು ಕಚ್ಚು, ಬಾಯೆಲ್ಲ ಕಹಿ, ಮೀನು ಉಗುಳುತ್ತದೆ. ಹುಳು ಒಂದು ಚೂರು ಅಂಚು ಕಳೆದುಕೊಂಡು ಬದುಕುತ್ತದೆ. ಮುಂದಿನ ಸಲ ಆ ಬಣ್ಣ ಕಂಡರೆ ಮೀನಿಗೆ ಆ ರುಚಿ ನೆನಪಾಗುತ್ತದೆ. ಬಣ್ಣ ಇರುವುದು ಎಚ್ಚರಿಕೆಯ ಬೋರ್ಡಿನ ಹಾಗೆ. ಬೋರ್ಡನ್ನು ಅಡಗಿಸಿಟ್ಟರೆ ಏನು ಪ್ರಯೋಜನ? 2016ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಐದು ಕ್ರೊಮೊಡೊರಿಸ್ ಪ್ರಭೇದಗಳನ್ನು ಪರೀಕ್ಷಿಸಿದರು. ಐದರ ಅಂಚಿನಲ್ಲೂ ಸಿಕ್ಕಿದ್ದು ಇದೇ ಲ್ಯಾಟ್ರಂಕ್ಯುಲಿನ್ ಎ. ಊಟದಲ್ಲಿ ಬೇರೆ ರಾಸಾಯನಿಕಗಳೂ ಇದ್ದವು, ಅಂಚಿಗೆ ಬಂದಿದ್ದು ಮಾತ್ರ ಆ ಒಂದು.

ಫಿಲಿಡಿಯಾ ವ್ಯಾರಿಕೋಸಾ ಇದಕ್ಕಿಂತ ಜೋರು. ಕಪ್ಪು ನೀಲಿ ಮೈ ಮೇಲೆ ಹಳದಿ ಗುಳ್ಳೆಗಳು, ಮುಟ್ಟಿದರೆ ರಬ್ಬರಿನಂತೆ ಗಟ್ಟಿ. ಇದನ್ನು ಮೀನುಗಳ ಜೊತೆ ತೊಟ್ಟಿಯಲ್ಲಿ ಬಿಟ್ಟರೆ ನೀರಿಗೆ ವಿಷ ಬಿಟ್ಟು ಮೀನುಗಳನ್ನೇ ಕೊಲ್ಲುತ್ತದೆ ಎಂದು 1963ರಲ್ಲೇ ವರದಿಯಾಗಿತ್ತು. ಆ ವಿಷ ಯಾವುದು ಎಂದು 1975ರಲ್ಲಿ ಹವಾಯಿಯಲ್ಲಿ ಪತ್ತೆಯಾಯಿತು. ಅದೇ ವಿಷ ಅದು ತಿನ್ನುವ ಸ್ಪಂಜಿನಲ್ಲೂ ಸಿಕ್ಕಿತು. ಇದರ ಹೆದರಿಕೆ ಎಷ್ಟಿದೆ ಎಂದರೆ, ವಿಷವಿಲ್ಲದವರೂ ಇದರ ವೇಷ ಹಾಕುತ್ತಾರೆ. ಪಿಯರ್ಸನೊಥುರಿಯಾ ಎಂಬ ಕಡಲ ಸೌತೆಯ (ಸೌತೆಕಾಯಿ ಆಕಾರದ ಕಡಲ ಪ್ರಾಣಿ) ಮರಿ ಬಿಳಿ, ಕಪ್ಪು, ಹಳದಿ ಗುಳ್ಳೆಗಳನ್ನು ಹೊತ್ತು ಥೇಟ್ ಫಿಲಿಡಿಯಾ ಹಾಗೇ ಕಾಣುತ್ತದೆ. ದೊಡ್ಡದಾದ ಮೇಲೆ ಆ ವೇಷ ಬಿಟ್ಟುಬಿಡುತ್ತದೆ.

ಈಗ ಏಯೊಲಿಡ್‌ಗಳ ಬೆರಳಿನಂಥ ಎಳೆಗಳಿಗೆ ಬರೋಣ. ಇವುಗಳ ಊಟ ಹೈಡ್ರಾಯ್ಡ್, ಸೀ ಅನಿಮೋನ್‌ನಂಥ ಕುಟುಕುವ ಪ್ರಾಣಿಗಳು. ಆ ಪ್ರಾಣಿಗಳ ಮೈಯಲ್ಲಿ ಸೂಕ್ಷ್ಮ ಈಟಿಗಳಿರುತ್ತವೆ, ಮುಟ್ಟಿದರೆ ಚುಚ್ಚುತ್ತವೆ. ಏಯೊಲಿಡ್ ಆ ಈಟಿಗಳನ್ನು ಸಿಡಿಯದಂತೆ ನುಂಗುತ್ತದೆ. ಅವು ಹೊಟ್ಟೆ ದಾಟಿ ಸೆರಾಟದ ತುದಿಯ ಚೀಲಗಳಿಗೆ ಬಂದು ಸೇರುತ್ತವೆ. ಆಮೇಲೆ ಅವು ಇದರ ಈಟಿಗಳು. ಬೆಚ್ಚಗಿನ ಕಡಲುಗಳ ಮೇಲ್ಮೈಯಲ್ಲಿ ತೇಲುವ ಗ್ಲಾಕಸ್ ಅಟ್ಲಾಂಟಿಕಸ್ ತಿನ್ನುವುದು ಕುಟುಕಿಗೆ ಹೆಸರಾದ, ಜೆಲ್ಲಿಮೀನಿನಂಥ ‘ಪೋರ್ಚುಗೀಸ್ ಮ್ಯಾನ್ ಆಫ್ ವಾರ್’ ಅನ್ನು. ಗ್ಲಾಕಸ್ ದಡಕ್ಕೆ ಬಂದು ಬಿದ್ದಾಗ ಎಷ್ಟು ಚೆಂದ ಎಂದು ಅಂಗೈಯಲ್ಲಿ ಇಟ್ಟುಕೊಂಡವರು ಉರಿ ತಾಳಲಾರದೆ ಒದ್ದಾಡಿದ್ದಾರೆ. ದಯವಿಟ್ಟು ಮುಟ್ಟಬೇಡಿ.

ಇನ್ನೊಂದು ಮಾತು. ಅಡಗಿಕೊಳ್ಳುವ ಬಣ್ಣ ಇರಬೇಕಿತ್ತು ಎಂದಿರಲ್ಲ, ಅಂಥವೂ ಬೇಕಾದಷ್ಟಿವೆ. ಫಿಲೊಡೆಸ್ಮಿಯಂ ಕುಲದವು ಮೆದು ಹವಳ ತಿಂದು ಅದರ ಎಳೆಗಳಂತೆಯೇ ಕಾಣುತ್ತವೆ. ಮೂಗಿನ ಮುಂದೆ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ನಮ್ಮ ವಿಡಿಯೊಗಳಲ್ಲಿ ಬರುವುದು ಕ್ಯಾಮೆರಾದವರ ಕಣ್ಣಿಗೆ ಬಿದ್ದ ಬಣ್ಣದವು ಮಾತ್ರ. ಅದಕ್ಕೇ ಸೀ ಸ್ಲಗ್ ಎಂದರೆ ಬಣ್ಣ ಎಂದು ನಾವು ತಿಳಿದುಕೊಂಡಿದ್ದೇವೆ.

ಎಲ್ಲಕ್ಕಿಂತ ದೊಡ್ಡ ಡೊರಿಡ್‌ಗಳಲ್ಲಿ ಒಂದಾದ ಸ್ಪ್ಯಾನಿಶ್ ಡಾನ್ಸರ್ ಬಗ್ಗೆ ಹೇಳದೆ ಈ ಉತ್ತರ ಮುಗಿಸಲಾರೆ. 40 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಹಗಲು ಸಂದಿಯಲ್ಲಿ ಮಲಗಿದ್ದು ರಾತ್ರಿ ಸ್ಪಂಜು ತಿನ್ನಲು ಹೊರಡುತ್ತದೆ. ತೆವಳುವಾಗ ಮೈಯ ಅಂಚನ್ನು ಮೇಲಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ, ಆಗ ಅಂಥಾ ವಿಶೇಷ ಏನಿಲ್ಲ. ಯಾರಾದರೂ ಕೆಣಕಿದರೆ ಆ ಅಂಚು ಬಿಚ್ಚುತ್ತದೆ. ಟಾರ್ಚ್ ಬೆಳಕಿನಲ್ಲಿ ಕೆಂಪು ಲಂಗ ಬೀಸಿದ ಹಾಗೆ ಅಲೆ ಅಲೆಯಾಗಿ ಮೇಲೇಳುತ್ತದೆ. ಇದರ ಬೆನ್ನ ಮೇಲೆ ಒಂದು ಜಾತಿಯ ಸಿಗಡಿ ವಾಸ ಇರುತ್ತದೆ. ಡಾನ್ಸರ್ ಈಜುವಾಗಲೂ ಅದು ಬಿಗಿಯಾಗಿ ಹಿಡಿದುಕೊಂಡಿರುವುದನ್ನು ಕಂಡಿದ್ದೇನೆ. ಗುಲಾಬಿ ಹೂವಿನಂತೆ ಸುತ್ತಿದ ಇದರ ಮೊಟ್ಟೆಗಳಲ್ಲೂ ಸ್ಪಂಜಿನಿಂದ ಬಂದ ವಿಷ ಇದೆ. ತಾಯಿಯ ಊಟ ಮಕ್ಕಳನ್ನೂ ಕಾಯುತ್ತದೆ.

ಪ್ರಶ್ನೆ: ಒಟ್ಟು ಎಷ್ಟು ಪ್ರಭೇದಗಳಿವೆ? ಹಳೆಯ ಪುಸ್ತಕದಲ್ಲಿ ಇದ್ದ ಹೆಸರು ಹೊಸದರಲ್ಲಿ ಇಲ್ಲ. ಯಾಕೆ ಹೀಗೆ ಹೆಸರು ಬದಲಿಸುತ್ತಾರೆ?

ಉತ್ತರ: ನ್ಯೂಡಿಬ್ರಾಂಕ್‌ಗಳೇ ಸುಮಾರು 3,000 ಪ್ರಭೇದ. ಇದು ಹೆಸರಿಟ್ಟಾದವುಗಳ ಲೆಕ್ಕ. ಪ್ರತಿ ವರ್ಷ ಹೊಸವು ಸೇರುತ್ತಲೇ ಇವೆ. ಧ್ರುವದ ತಣ್ಣನೆ ನೀರಿನಿಂದ ಹಿಡಿದು ಆಳದ ಕಡಲವರೆಗೂ ಇವು ಇವೆ. ಆದರೆ ಅತಿ ಹೆಚ್ಚು ಬಗೆ ಇರುವುದು ಉಷ್ಣವಲಯದ ಹವಳದ ದಿಬ್ಬಗಳಲ್ಲಿ. ಅದರಲ್ಲೂ ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಮಲೇಷ್ಯಾ, ಪಪುವಾ ನ್ಯೂಗಿನಿ, ಟಿಮೋರ್ ಲೆಸ್ಟೆ, ಸಾಲೊಮನ್ ದ್ವೀಪಗಳ ನಡುವಿನ ‘ಕೋರಲ್ ಟ್ರಯಾಂಗಲ್’ ಎಂಬ ಭಾಗದಲ್ಲಿ. ಫಿಲಿಪ್ಪೀನ್ಸ್‌ನ ಅನಿಲಾವೊ, ಇಂಡೊನೇಷ್ಯಾದ ಲೆಂಬೆ ಜಲಸಂಧಿ, ಈ ಎರಡು ಹೆಸರು ಕೇಳಿದರೆ ಸೀ ಸ್ಲಗ್ ಹುಚ್ಚಿನವರ ಕಣ್ಣು ಅರಳುತ್ತದೆ. ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಟೆರೆನ್ಸ್ ಗೊಸ್ಲೈನರ್ ದಶಕಗಳಿಂದ ಅನಿಲಾವೊ ಸುತ್ತಮುತ್ತಲಿನ ನೀರಿನಲ್ಲಿ ಮುಳುಗುತ್ತಾ, ಇನ್ನೂ ಹೆಸರಿಡದ ಹುಳುಗಳನ್ನು ಹೊರತರುತ್ತಲೇ ಇದ್ದಾರೆ.

ಅಲ್ಲೇ ಯಾಕೆ ಇಷ್ಟು ಎಂದರೆ ಮತ್ತೆ ಊಟಕ್ಕೇ ಬರಬೇಕು. ಹೆಚ್ಚಿನ ನ್ಯೂಡಿಬ್ರಾಂಕ್‌ಗಳು ಸಿಕ್ಕಿದ್ದೆಲ್ಲ ತಿನ್ನುವುದಿಲ್ಲ. ಒಂದಕ್ಕೆ ಒಂದು ಜಾತಿಯ ಸ್ಪಂಜೇ ಬೇಕು. ಇನ್ನೊಂದಕ್ಕೆ ಒಂದು ಬಗೆಯ ಹೈಡ್ರಾಯ್ಡ್. ನೆಂಬ್ರೊಥಾ ಕುಲದವಕ್ಕೆ ಸೀ ಸ್ಕ್ವರ್ಟ್ ಎಂಬ, ಬಂಡೆಗೆ ಅಂಟಿಕೊಂಡಿರುವ ಚೀಲದಂಥ ಪ್ರಾಣಿ. ಜಿಮ್ನೊಡೊರಿಸ್ ಕುಲದ ಹಲವಕ್ಕೆ ಬೇರೆ ಸೀ ಸ್ಲಗ್‌ಗಳೇ ಊಟ. ಹವಳ ತಿನ್ನುವ ಫೆಸ್ಟಿಲ್ಲಾದ ಮರಿಗಳು ನೀರಿನಲ್ಲಿ ತೇಲುತ್ತಿರುವಾಗಲೇ ಪೊರೈಟಿಸ್ ಹವಳದ ವಾಸನೆ ಹಿಡಿಯುತ್ತವೆ. ಆ ವಾಸನೆ ಸಿಕ್ಕ ಮೇಲೇ ತಳಕ್ಕೆ ಇಳಿದು ರೂಪ ಬದಲಿಸುತ್ತವೆ. ಹೀಗಿರುವಾಗ ಸ್ಪಂಜು, ಹವಳ, ಹೈಡ್ರಾಯ್ಡ್‌ಗಳು ಸಾವಿರಾರು ಬಗೆ ಇರುವ ಕಡೆ ಹುಳುಗಳೂ ಬಗೆಬಗೆಯಾಗಿ ಕವಲೊಡೆಯುವುದು ಸಹಜ. ದಿಬ್ಬದಿಂದ ಒಂದು ಸ್ಪಂಜು ಕಣ್ಮರೆಯಾದರೆ ಅದನ್ನೇ ನೆಚ್ಚಿಕೊಂಡ ಹುಳುವೂ ಕಣ್ಮರೆಯಾಗುತ್ತದೆ. ಹವಳ ಬಿಳಿಚಿಕೊಳ್ಳುವ ಸುದ್ದಿ ಓದಿದಾಗಲೆಲ್ಲ ನನ್ನ ಮನಸ್ಸು ಮೊದಲು ಹೋಗುವುದು ಯಾರೂ ಲೆಕ್ಕ ಇಡದ ಈ ಪುಟಾಣಿಗಳ ಕಡೆಗೆ.

ಹೆಸರಿನ ವಿಷಯ. ಹಿಂದೆ ಬಣ್ಣ, ನಾಲಗೆಯ ಹಲ್ಲು, ಒಳಗಿನ ಅಂಗಗಳನ್ನು ನೋಡಿ ಹೆಸರಿಡುತ್ತಿದ್ದರು. ಬಾಟಲಿಯ ಮದ್ಯಸಾರದಲ್ಲಿ ಮುಳುಗಿಸಿದ ಕೂಡಲೇ ಇವುಗಳ ಬಣ್ಣ ಹೋಗಿ ಬೂದು ಮುದ್ದೆ ಆಗುತ್ತಿತ್ತು. 19ನೇ ಶತಮಾನದಲ್ಲಿ ಜೀವಂತ ಹುಳುವನ್ನು ನೋಡಿ ಬಿಡಿಸಿದ ಚಿತ್ರಗಳೇ ಆಧಾರ. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಭಾರತದ ಪೂರ್ವ ಕರಾವಳಿಯಲ್ಲಿ ಸಂಗ್ರಹಿಸಿದ ಹುಳುಗಳನ್ನು ಇಂಗ್ಲೆಂಡಿನ ಆಲ್ಡರ್ ಮತ್ತು ಹ್ಯಾನ್ಕಾಕ್ 1864ರಲ್ಲಿ ವಿವರಿಸಿದರು. ಅದರಲ್ಲಿ ಒಂದು ಹೊಸ ಕುಲಕ್ಕೆ ಇಟ್ಟ ಹೆಸರು ಕಳಿಂಗ. ಕಳಿಂಗ ಆರ್ನಾಟ ಎಂಬ ಆ ಹುಳುವಿನ ಹೆಸರು ಇವತ್ತಿಗೂ ಹಾಗೇ ಉಳಿದಿದೆ. ನನಗೆ ಬಹಳ ಪ್ರೀತಿಯ ಹೆಸರು ಅದು.

ಎಲ್ಲಕ್ಕೂ ಆ ಭಾಗ್ಯ ಇರಲಿಲ್ಲ. ಡಿಎನ್‌ಎ ಓದಲು ಶುರುವಾದ ಮೇಲೆ ಹಳೆಯ ಮನೆತನಗಳು ಒಡೆದವು. 2012ರಲ್ಲಿ ರೆಬೆಕಾ ಜಾನ್ಸನ್ ಮತ್ತು ಗೊಸ್ಲೈನರ್ ಕ್ರೊಮೊಡೊರಿಸ್ ಕುಟುಂಬವನ್ನು ಪೂರ್ತಿ ಮರುಜೋಡಿಸಿದರು. ನಿಮ್ಮ ಪುಸ್ತಕದ ಎಷ್ಟೋ ಕ್ರೊಮೊಡೊರಿಸ್‌ಗಳು ಗೊನಿಯೊಬ್ರಾಂಕಸ್ ಆಗಿದ್ದು ಆಗಲೇ. ಹುಳು ಅದೇ, ಮನೆತನ ಬೇರೆ. ಸ್ಪ್ಯಾನಿಶ್ ಡಾನ್ಸರ್ ಕೂಡ ಕೆಂಪು ಸಮುದ್ರದಿಂದ ಹವಾಯಿವರೆಗೆ ಒಂದೇ ಎಂದುಕೊಂಡಿದ್ದೆವು. ಅದರಲ್ಲೇ ಹಲವು ಪ್ರಭೇದಗಳಿವೆ ಎಂದು ಈಚೆಗೆ ಡಿಎನ್‌ಎ ತೋರಿಸಿದೆ. ಹೆಸರು ಬದಲಾಯಿತೆಂದು ಬೇಜಾರು ಮಾಡಿಕೊಳ್ಳಬೇಡಿ. ಹಳೆಯ ಪುಸ್ತಕ ಎಸೆಯಲೂ ಬೇಡಿ, ಅಂಚಿನಲ್ಲಿ ಪೆನ್ಸಿಲ್‌ನಿಂದ ಹೊಸ ಹೆಸರು ಬರೆದುಕೊಳ್ಳಿ. ನಾನೂ ಹಾಗೇ ಮಾಡುವುದು.

ಪ್ರಶ್ನೆ: ನಾನು 8ನೇ ಕ್ಲಾಸ್. ಗಿಡದ ಹಾಗೆ ಬಿಸಿಲಿನಿಂದ ಅಡುಗೆ ಮಾಡಿಕೊಳ್ಳುವ ಸೀ ಸ್ಲಗ್ ಇದೆ ಅಂತ ಫ್ರೆಂಡ್ ಹೇಳಿದಳು. ನಿಜಾನಾ ಮೇಡಂ?

ಉತ್ತರ: ಅರ್ಧ ನಿಜ ಪುಟ್ಟಿ, ಮತ್ತು ಆ ಅರ್ಧವೇ ಬಹಳ ಸೊಗಸು. ನಿನ್ನ ಫ್ರೆಂಡ್ ಹೇಳಿದ್ದು ಕೊಸ್ಟಾಸಿಯೆಲ್ಲಾ ಕುರೊಶಿಮೆ ಇರಬೇಕು. ಕುರಿಮರಿಯ ಮುಖ, ಮೈ ತುಂಬ ಹಸಿರು ಎಲೆ. ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಜಪಾನಿನ ಕುರೊಶಿಮಾ ದ್ವೀಪದ ಹೆಸರು ಇದಕ್ಕೆ ಬಂದಿದ್ದು 1993ರಲ್ಲಿ. ಇದು ನ್ಯೂಡಿಬ್ರಾಂಕ್ ಅಲ್ಲ, ಸ್ಯಾಕೊಗ್ಲಾಸನ್ ಎಂಬ ಬೇರೆ ಗುಂಪು. ಪಾಚಿಯ ಜೀವಕೋಶಕ್ಕೆ ಒಂದು ಹಲ್ಲಿನಿಂದ ತೂತು ಮಾಡಿ, ಎಳನೀರಿಗೆ ಸ್ಟ್ರಾ ಹಾಕಿದ ಹಾಗೆ ರಸ ಹೀರುತ್ತದೆ. ರಸದ ಜೊತೆ ಬಂದ ಹಸಿರು ಕ್ಲೋರೊಪ್ಲಾಸ್ಟ್‌ಗಳನ್ನು ಅರಗಿಸಿಕೊಳ್ಳದೆ ಬೆನ್ನ ಎಲೆಗಳ ಒಳಗೆ ಇಟ್ಟುಕೊಳ್ಳುತ್ತದೆ. ಅವು ಅಲ್ಲೂ ಬೆಳಕು ಹಿಡಿಯುವ ಕೆಲಸ ಮುಂದುವರಿಸುತ್ತವೆ.

ಅದರಿಂದ ಹುಳುವಿನ ಹೊಟ್ಟೆ ತುಂಬುತ್ತದಾ? ವಿಜ್ಞಾನಿಗಳು ಇದಕ್ಕಾಗಿ ಇನ್ನೂ ವಾದ ಮಾಡುತ್ತಿದ್ದಾರೆ. ಇದೇ ಗುಂಪಿನ ಬೇರೆ ಎರಡು ಹುಳುಗಳನ್ನು ತಿಂಗಳುಗಟ್ಟಲೆ ಕತ್ತಲೆಯಲ್ಲಿ ಉಪವಾಸ ಇಟ್ಟರೂ ಬದುಕಿಕೊಂಡವು ಎಂದು 2014ರಲ್ಲಿ ಪ್ರಕಟವಾದ ಪ್ರಯೋಗ ಹೇಳಿತು. ಅಂದರೆ ಬಿಸಿಲೇ ಬೇಕು ಎಂದೇನಿಲ್ಲ. ಬುತ್ತಿ ಕಟ್ಟಿಟ್ಟುಕೊಂಡ ಹಾಗೆ ಇಟ್ಟುಕೊಂಡು ನಿಧಾನಕ್ಕೆ ಅರಗಿಸಿಕೊಳ್ಳುತ್ತದೆ ಎನ್ನುವುದು ಒಂದು ವಾದ. ನನಗೆ ಅದೇ ಸರಿ ಅನ್ನಿಸುತ್ತದೆ.

ಫ್ರೆಂಡ್‌ಗೆ ಹೇಳಲು ಇನ್ನೊಂದು ಕಥೆ ಕೊಡುತ್ತೇನೆ. ಇದೇ ಗುಂಪಿನ ಎಲಿಸಿಯಾ ಮಾರ್ಜಿನಾಟ ತನ್ನ ಕುತ್ತಿಗೆಯನ್ನು ತಾನೇ ಕತ್ತರಿಸಿಕೊಳ್ಳುತ್ತದೆ! ಹೃದಯವಿರುವ ಮೈ ಒಂದು ಕಡೆ, ತಲೆ ಒಂದು ಕಡೆ. ಬರೀ ತಲೆ ಓಡಾಡುತ್ತದೆ, ಪಾಚಿ ತಿನ್ನುತ್ತದೆ. ಒಂದು ವಾರದಲ್ಲಿ ಹೊಸ ಹೃದಯ, ಸುಮಾರು ಮೂರು ವಾರದಲ್ಲಿ ಪೂರ್ತಿ ಹೊಸ ಮೈ. 2021ರಲ್ಲಿ ಜಪಾನಿನ ಸಯಾಕಾ ಮಿತೋ ಮತ್ತು ಯೊಯಿಚಿ ಯೂಸಾ ಇದನ್ನು ಪ್ರಕಟಿಸಿದರು. ಬಿಟ್ಟುಬಂದ ಮೈಗೆ ಮಾತ್ರ ಹೊಸ ತಲೆ ಬರಲಿಲ್ಲ.

ಪ್ರಶ್ನೆ: ಮನೆಯ ಮರೀನ್ ಅಕ್ವೇರಿಯಂನಲ್ಲಿ ಒಂದು ಬಣ್ಣದ ನ್ಯೂಡಿಬ್ರಾಂಕ್ ಸಾಕಬಹುದೇ?

ಉತ್ತರ: ಬೇಡ. ಕಾರಣ ಮೇಲೆಯೇ ಬಂತು. ಅದಕ್ಕೆ ಬೇಕಾದ ಆ ಒಂದೇ ಸ್ಪಂಜು ನಿಮ್ಮ ತೊಟ್ಟಿಯಲ್ಲಿ ಇರುವುದಿಲ್ಲ. ಹಾಗಾಗಿ ಅದು ದಿನದಿನಕ್ಕೆ ಕುಗ್ಗುತ್ತಾ ಹಸಿವಿನಿಂದ ಸಾಯುತ್ತದೆ. ವಿಷದ ಜಾತಿಯಾದರೆ ಮೀನುಗಳಿಗೂ ಅಪಾಯ. ಮೊದಲೇ ಇವುಗಳ ಆಯುಸ್ಸು ಕೆಲವು ವಾರದಿಂದ ಸುಮಾರು ಒಂದು ವರ್ಷ, ಅಷ್ಟೇ. ತೊಟ್ಟಿಯಲ್ಲಿ ಏಪ್ಟೇಸಿಯಾ ಎಂಬ ಕಾಡುವ ಅನಿಮೋನ್ ತುಂಬಿಕೊಂಡಿದ್ದರೆ ಅದನ್ನು ತಿನ್ನಲು ಬರ್ಗಿಯಾ ಎಂಬ ಹುಳುವನ್ನು ಬಿಡುವುದುಂಟು, ಅದನ್ನು ಸಾಕಿ ಬೆಳೆಸಿಯೇ ಮಾರುತ್ತಾರೆ. ಏಪ್ಟೇಸಿಯಾ ಮುಗಿಯುತ್ತಾ ಬಂದಾಗ ಅದನ್ನು ಇನ್ನೊಬ್ಬರ ತೊಟ್ಟಿಗೆ ದಾಟಿಸಿ, ಉಪವಾಸ ಕೆಡವಬೇಡಿ.

ಪ್ರಶ್ನೆ: ಡೈವಿಂಗ್ ಹೋದಾಗ ತೆಗೆದ ಫೋಟೊ ಕಳಿಸಿದ್ದೇನೆ. ನೀಲಿ ಮೈ, ಉದ್ದ ಕಪ್ಪು ಗೆರೆ, ಕಿತ್ತಳೆ ಅಂಚು. ಇಂಟರ್‌ನೆಟ್‌ನಲ್ಲಿ ನೋಡಿದರೆ ನಾಲ್ಕೈದು ಪ್ರಭೇದ ಹೀಗೇ ಇವೆ. ಇದು ಯಾವುದು?

ಉತ್ತರ: ಕ್ರೊಮೊಡೊರಿಸ್ ಎನ್ನುವುದು ಖಂಡಿತ. ಅದರಾಚೆಗೆ ಹೋಗಲು ನಿಮ್ಮ ಒಂದು ಫೋಟೊ ಸಾಲದು, ತಪ್ಪು ನಿಮ್ಮದಲ್ಲ. ಈ ಕುಲದವು ಒಂದರ ಬಣ್ಣ ಇನ್ನೊಂದು ಹೊತ್ತುಕೊಂಡಿರುತ್ತವೆ. ಮೀನು ಒಂದೇ ಪಾಠ ಕಲಿತರೆ ಎಲ್ಲಕ್ಕೂ ಲಾಭ ಅಲ್ವಾ? ಒಂದೇ ಪ್ರಭೇದಕ್ಕೆ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ವೇಷ ಇರುವುದನ್ನೂ, ಒಂದೇ ವೇಷದ ಒಳಗೆ ಹಲವು ಪ್ರಭೇದ ಅಡಗಿರುವುದನ್ನೂ 2018ರ ಒಂದು ಡಿಎನ್‌ಎ ಅಧ್ಯಯನ ತೋರಿಸಿತು. ಆದರೂ ಕೆಲವು ಗುರುತುಗಳಿವೆ. ನೀಲಿಯ ಮೇಲೆ ಮೆಣಸಿನಪುಡಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಕ್ರೊಮೊಡೊರಿಸ್ ಅನ್ನೆ ಕಡೆಗೆ ನೋಡಿ. ಚುಕ್ಕೆ ಇಲ್ಲದೆ ತೆಳ್ಳಗಿನ ಹಲವು ಕಪ್ಪು ಗೆರೆಗಳಿದ್ದರೆ ಕ್ರೊಮೊಡೊರಿಸ್ ಎಲಿಸಬೆತಿನಾ ಕಡೆಗೆ.

ಮುಂದಿನ ಸಲ ನೇರ ಮೇಲಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಕೊಂಬು ಮತ್ತು ಕಿವಿರಿನ ಬಣ್ಣ ಸ್ಪಷ್ಟವಾಗಿರಲಿ. ಅಂಚಿನಲ್ಲಿ ಎಷ್ಟು ಬಣ್ಣದ ಪಟ್ಟಿ, ಯಾವುದು ಹೊರಗೆ ಯಾವುದು ಒಳಗೆ ಎನ್ನುವುದು ಕಾಣಬೇಕು. ಆಳ, ಅಂದಾಜು ಉದ್ದ ಬರೆದಿಡಿ. ಮುಖ್ಯವಾಗಿ, ಅದು ಯಾವುದರ ಮೇಲೆ ಕೂತಿದೆ ಎನ್ನುವುದೂ ಫೋಟೊದಲ್ಲಿ ಬರಲಿ. ಒಳ್ಳೆಯ ಹಿನ್ನೆಲೆ ಸಿಗಲೆಂದು ಹುಳುವನ್ನು ಎತ್ತಿ ಬೇರೆ ಕಡೆ ಇಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಊಟದಿಂದ ಎಬ್ಬಿಸಿದ ಹಾಗೂ ಆಯಿತು, ಗುರುತಿನ ಸುಳಿವು ಅಳಿಸಿದ ಹಾಗೂ ಆಯಿತು. ಆಸ್ಟ್ರೇಲಿಯಾದಲ್ಲಿ 2013ರಿಂದ ನಡೆಯುತ್ತಿರುವ ‘ಸೀ ಸ್ಲಗ್ ಸೆನ್ಸಸ್’ ನಿಂತಿರುವುದೇ ನಿಮ್ಮಂಥ ಹವ್ಯಾಸಿ ಡೈವರ್‌ಗಳ ಫೋಟೊಗಳ ಮೇಲೆ. ಯಾವ ಹುಳು ಹೊಸ ಜಾಗಕ್ಕೆ ಬಂದಿದೆ ಎನ್ನುವುದು ಅವರಿಂದಲೇ ಗೊತ್ತಾಗುತ್ತಿದೆ.

ನಿಮ್ಮ ಫೋಟೊದ ಎಡ ಮೂಲೆಯಲ್ಲಿ ಬಿಳಿ ರಿಬ್ಬನ್ ಸುರುಳಿ ಇದೆ ನೋಡಿ, ಅದು ಮೊಟ್ಟೆ. ದೊಡ್ಡದು ಮಾಡಿ ನೋಡಿದರೆ ಅದರ ಮೇಲೆ ಇನ್ನೊಂದು ಪುಟ್ಟ ಹುಳು ಕೂತಿದೆ. ಬೆನ್ನ ತುಂಬ ಎಳೆಗಳಿರುವುದರಿಂದ ಏಯೊಲಿಡ್. ಮೊಟ್ಟೆಯ ಮೇಲೇ ಕೂತಿರುವುದರಿಂದ ಅದು ಬಹುಶಃ ಫೆವೊರಿನಸ್. ಬೇರೆ ಸೀ ಸ್ಲಗ್‌ಗಳ ಮೊಟ್ಟೆಯೇ ಅದರ ಊಟ. ಗುಲಾಬಿ ಮೊಟ್ಟೆ ತಿಂದಿದ್ದರೆ ಅದರ ಎಳೆಗಳೊಳಗೆ ಗುಲಾಬಿ ಬಣ್ಣ ಕಾಣುತ್ತಿತ್ತು. ನಿಮ್ಮದರ ಎಳೆಗಳು ಬೆಳ್ಳಗಿವೆ.